ಹಳೆಯ ಕಾರೂ ಹೊಸ ಮೂರ್ಛೆಯೂ

ಕಡೂರು, ತರೀಕೆರೆ, ಅಜ್ಜಂಪುರಗಳ ಪೈಕಿ ಒಂದು ಊರಿನಲ್ಲಿ ಮಹಾವೀರ ಜಯಂತಿಯ ಸಿದ್ಧತೆಗಾಗಿ ಟ್ರಸ್ಟಿನ ಸಭೆ ಸೇರಿತ್ತು. ಊರು ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಉತ್ಸವವನ್ನು ಈ ಸಲ ವೈಭವದಿಂದ ನಡೆಸಬೇಕೆಂಬ ಉತ್ಸಾಹದಲ್ಲಿದ್ದ ತರುಣ ಸದಸ್ಯರೊಬ್ಬರು ಒಂದು ಸಲಹೆಯನ್ನು ಮುಂದಿಟ್ಟರು. ಬೆಂಗಳೂರಿನಿಂದ ಹಳೆಯ ಕಾಲದ, ಮೇಲ್ಛಾವಣಿ ತೆರೆದ ಅಮೆರಿಕದ ಕಾರೊಂದನ್ನು ಬಾಡಿಗೆಗೆ ತರಿಸಿ, ಹೂವಿನಿಂದ ಅಲಂಕರಿಸಿ, ಅದರಲ್ಲಿ ಭಗವಂತನ ಭಾವಚಿತ್ರವನ್ನಿಟ್ಟು ಮೆರವಣಿಗೆ ಮಾಡಬೇಕೆಂಬುದು ಆ ಸಲಹೆ. ಸಭೆಯ ಹಿರಿಯರೊಬ್ಬರು ಕೂಡಲೇ ಆಕ್ಷೇಪಿಸಿದರು. ಸರ್ವಸಂಗ ಪರಿತ್ಯಾಗ ಮಾಡಿದ ತೀರ್ಥಂಕರರಿಗೆ ಭೋಗಿಗಳ ವಾಹನವೇಕೆ ಎಂದು ಕೇಳಿದರು. ತರುಣರು ವಿನಯದಿಂದಲೇ, "ದೊಡ್ಡಪ್ಪನವರೇ, ಆ ಕಾರಿಗೆ ಎಪ್ಪತ್ತು ವರ್ಷ. ತಾವು ಇಂದು ಬಂದಿಳಿದ ಕಾರಿಗೆ ಏಳು ತಿಂಗಳು. ಅದಕ್ಕೆ ಮುಂಚಿನದನ್ನು ತಾವು ಇಟ್ಟುಕೊಂಡಿದ್ದು ಮೂರು ವರ್ಷ. ಭೋಗ ಯಾವುದರಲ್ಲಿದೆ?" ಎಂದರು. ಸಭೆ ಸುಮ್ಮನಾಯಿತು. ಕೊನೆಗೆ ಬಾಡಿಗೆ ಹೆಚ್ಚಾಗುತ್ತದೆಂಬ ಕಾರಣದಿಂದ ಸಲಹೆ ಬಿದ್ದುಹೋಯಿತು.

ಬಾಡಿಗೆಯ ಕಾರಣದಿಂದ ಬಿದ್ದುಹೋಯಿತೇ ಹೊರತು ಧರ್ಮದ ಕಾರಣದಿಂದಲ್ಲ ಎಂಬುದೇ ಈ ಲೇಖನಕ್ಕೆ ಪ್ರೇರಣೆ. ಬಾಡಿಗೆ ಅರ್ಧಕ್ಕಿಳಿದಿದ್ದರೆ ಕಾರು ಬರುತ್ತಿತ್ತು. ತರುಣರ ಪ್ರಶ್ನೆಗೆ ಉತ್ತರ ಮಾತ್ರ ಆಗಲೂ ದೊರೆಯುತ್ತಿರಲಿಲ್ಲ. ಆ ಸಲಹೆ ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಅಲ್ಲಗಳೆದವರಿಗೆ ಅಲ್ಲಗಳೆಯುವ ಅಧಿಕಾರವಿರಲಿಲ್ಲವೆಂಬುದೂ ಅಷ್ಟೇ ಖಚಿತ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳಬೇಕಾಗಿದೆ.

ನಮ್ಮ ಕಡೆಯ ಬಹುಮಂದಿ ಇಂತಹ ಕಾರುಗಳನ್ನು ಮೊದಲು ಕಂಡದ್ದು ಧರ್ಮಸ್ಥಳದಲ್ಲಿ. ಕಡೂರಿನಿಂದ ಚಿಕ್ಕಮಗಳೂರು, ಮೂಡಿಗೆರೆಗಳ ಮೂಲಕ ಚಾರ್ಮಾಡಿ ಘಾಟಿಯನ್ನಿಳಿದು ಕ್ಷೇತ್ರಕ್ಕೆ ಹೋದವರು ದೇವರ ದರ್ಶನ ಮುಗಿಸಿ, 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಬಾಹುಬಲಿಯನ್ನು ವಂದಿಸಿ, ಬಳಿಕ ವಸ್ತುಸಂಗ್ರಹಾಲಯವನ್ನೂ ಕಾರುಗಳ ಸಂಗ್ರಹವನ್ನೂ ನೋಡುವುದು ವಾಡಿಕೆ. ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಆ ಸಂಗ್ರಹದಲ್ಲಿ ಯುರೋಪಿನ ಕಾರುಗಳ ಜೊತೆಗೆ ಅಮೆರಿಕದವೂ ಇವೆ. ಉದ್ದನೆಯ ಮೂತಿ, ದುಂಡು ಭುಜಗಳಂತಹ ಮಡ್‌ಗಾರ್ಡು, ಕನ್ನಡಿಯಂತೆ ಹೊಳೆಯುವ ಲೋಹದ ಜಾಲರಿ, ಒಳಗೆ ಮನೆಯ ಸೋಫಾದಂತಹ ಆಸನ. ಮಕ್ಕಳು ಅಲ್ಲಿಂದ ಕದಲುವುದಿಲ್ಲ, ಹಿರಿಯರೂ ಕದಲುವುದಿಲ್ಲ. ಈ ಆಕರ್ಷಣೆ ಸುಳ್ಳೆಂದು ನಾನು ಹೇಳುವುದಿಲ್ಲ. ಕಬ್ಬಿಣದ ಹಾಳೆಯನ್ನು ಬಗ್ಗಿಸಿ ಅಷ್ಟು ನಯವಾದ ರೂಪ ಕೊಟ್ಟ ಕೆಲಸಗಾರನ ಕೈಗೆ ನಮಸ್ಕರಿಸಬೇಕು. ಚೆಲುವನ್ನು ಕಂಡು ಚೆಲುವೆನ್ನುವುದು ಪಾಪವಾಗಿದ್ದರೆ ನಮ್ಮ ಹಿರಿಯರು ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನು ಕಟ್ಟಿಸುತ್ತಿರಲಿಲ್ಲ. ಆದರೆ ಈ ಆಕರ್ಷಣೆ ಎಲ್ಲಿಂದ ಬಂದಿತು, ಅದನ್ನು ಯಾರು ಯಾವ ಉದ್ದೇಶದಿಂದ ಕಡೆದರು ಎಂಬುದನ್ನು ಶ್ರಾವಕನಾದವನು ತಿಳಿಯಬೇಕು.

ಅಮೆರಿಕದ ಕಾರಿನ ಕಥೆ ಒಂದು ಬಗೆಯ ಮಿತಿಯಿಂದಲೇ ಆರಂಭವಾಯಿತೆಂಬುದು ಸ್ವಾರಸ್ಯದ ಸಂಗತಿ. 1908ರಲ್ಲಿ ಹೆನ್ರಿ ಫೋರ್ಡ್ ಅವರು 'ಮಾಡೆಲ್ ಟಿ' ಎಂಬ ಕಾರನ್ನು ಹೊರತಂದರು. ಒಂದೇ ಮಾದರಿ; 1914ರಿಂದ ಹಲವು ವರ್ಷ ಒಂದೇ ಬಣ್ಣ, ಕಪ್ಪು. ರೈತನು ತಾನೇ ಬಿಚ್ಚಿ ತಾನೇ ಜೋಡಿಸಬಹುದಾದಷ್ಟು ಸರಳ. ಮೊದಲು 850 ಡಾಲರ್ ಇದ್ದ ಬೆಲೆ 1920ರ ದಶಕದ ನಡುವಿಗೆ 300 ಡಾಲರಿಗಿಂತ ಕೆಳಗಿಳಿಯಿತು. 1927ರಲ್ಲಿ ಅದರ ತಯಾರಿಕೆ ನಿಂತಾಗ ಒಂದೂವರೆ ಕೋಟಿ ಕಾರುಗಳು ಹೊರಬಂದಿದ್ದವು.

ಬೆಲೆ ಇಳಿಯಲು ಮುಖ್ಯ ಕಾರಣ 1913ರಲ್ಲಿ ಫೋರ್ಡ್ ಕಾರ್ಖಾನೆಯಲ್ಲಿ ಬಂದ ಚಲಿಸುವ ಜೋಡಣಾ ಸಾಲು. ಕೆಲಸಗಾರನು ನಿಂತಲ್ಲೇ ನಿಲ್ಲುತ್ತಾನೆ; ಕಾರು ಅವನ ಮುಂದೆ ಸಾಗಿ ಬರುತ್ತದೆ. ಹನ್ನೆರಡು ಗಂಟೆಗೂ ಮೀರಿ ಹಿಡಿಯುತ್ತಿದ್ದ ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಈ ಉಪಾಯ ಹೊಳೆದದ್ದು ಎಲ್ಲಿಂದ? ಷಿಕಾಗೊ ನಗರದ ಕಸಾಯಿಖಾನೆಗಳಲ್ಲಿ ಕೊಂದ ದನಗಳನ್ನು ಮೇಲಿನ ಕಂಬಿಗೆ ತೂಗುಹಾಕಿ, ಒಬ್ಬೊಬ್ಬ ಕೆಲಸಗಾರನೂ ಒಂದೊಂದು ಭಾಗವನ್ನು ಕಡಿಯುವಂತೆ ಸಾಗಿಸುತ್ತಿದ್ದ ಏರ್ಪಾಟಿನಿಂದ ಎಂದು ಫೋರ್ಡ್ ಅವರೇ 1922ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಪ್ರಾಣಿಯನ್ನು ಬಿಡಿಬಿಡಿಯಾಗಿಸುವ ಕ್ರಮವನ್ನೇ ತಿರುಗುಮುರುಗಾಗಿಸಿ ಯಂತ್ರವನ್ನು ಜೋಡಿಸುವ ಕ್ರಮ ಹುಟ್ಟಿತು. ಜೈನನಾದವನಿಗೆ ಇದನ್ನು ಓದಿದಾಗ ಮೈ ಜುಮ್ಮೆನ್ನುವುದು ಸಹಜ. ಆದರೆ ಇದನ್ನು ಹಿಡಿದು ಹಳೆಯ ಕಾರನ್ನು ಮಾತ್ರ ದೂಷಿಸುವಂತಿಲ್ಲ. ನಮ್ಮ ಮನೆಯ ಮುಂದೆ ನಿಂತಿರುವ ಹೊಸ ಕಾರೂ ಅದೇ ಸಾಲಿನ ಸಂತಾನ.

ಮಿತಿಯ ಕಾಲ ಬಹಳ ದಿನ ಉಳಿಯಲಿಲ್ಲ. 1923ರಲ್ಲಿ ಜನರಲ್ ಮೋಟರ್ಸ್ ಕಂಪನಿಯ ಅಧ್ಯಕ್ಷರಾದ ಆಲ್ಫ್ರೆಡ್ ಸ್ಲೋನ್ ಅವರು ಬೇರೆ ದಾರಿ ಹಿಡಿದರು. ಕಾರು ಇಲ್ಲದವನಿಗೆ ಕಾರು ಮಾರುವುದು ಫೋರ್ಡ್ ಮಾರ್ಗ. ಕಾರು ಇರುವವನಿಗೆ ಇನ್ನೊಂದು ಕಾರು ಮಾರುವುದು ಸ್ಲೋನ್ ಮಾರ್ಗ. ಇದಕ್ಕಾಗಿ ಪ್ರತಿವರ್ಷ ಕಾರಿನ ರೂಪವನ್ನು ಅಷ್ಟಿಷ್ಟು ಬದಲಿಸುವ ಪದ್ಧತಿ ಬಂದಿತು. 1927ರಲ್ಲಿ ಹಾರ್ಲಿ ಅರ್ಲ್ ಎಂಬ ಕಲಾವಿದರ ಮುಂದಾಳತ್ವದಲ್ಲಿ ರೂಪ ಮತ್ತು ಬಣ್ಣಗಳಿಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಕೈಯಲ್ಲಿ ಹಣವಿಲ್ಲದವರಿಗಾಗಿ ಕಂತಿನ ಸಾಲ ಕೊಡುವ ಸಂಸ್ಥೆಯನ್ನು ಕಂಪನಿ 1919ರಲ್ಲೇ ಸ್ಥಾಪಿಸಿತ್ತು. ಅದೇ ಕಂಪನಿಯ ಸಂಶೋಧನಾ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್ ಅವರು 1929ರಲ್ಲಿ ಒಂದು ಲೇಖನ ಬರೆದು, ಗ್ರಾಹಕನನ್ನು ಅತೃಪ್ತನಾಗಿಯೇ ಇರಿಸಬೇಕೆಂಬ ಅರ್ಥದ ತಲೆಬರಹವನ್ನೇ ಅದಕ್ಕೆ ಕೊಟ್ಟರು. ಮುಚ್ಚುಮರೆಯಿಲ್ಲದ ಮಾತು! ನಿನ್ನೆ ಕೊಂಡದ್ದು ಇಂದು ಹಳತೆನಿಸಬೇಕು. ನೆರೆಯವನ ಹೊಸ ಕಾರು ಕಣ್ಣು ಕುಕ್ಕಬೇಕು. ಹಾಗೆ ಆಗದಿದ್ದರೆ ಕಾರ್ಖಾನೆ ನಿಲ್ಲುತ್ತದೆ.

ನಾವು ಇಂದು ಬೆರಗಾಗಿ ನೋಡುವ ಕಾರುಗಳಲ್ಲಿ ಬಹುಪಾಲು ಈ ಪದ್ಧತಿಯ ಫಲ. 1948ರ ಕ್ಯಾಡಿಲಾಕ್ ಕಾರಿನ ಹಿಂಬದಿಯಲ್ಲಿ ಎರಡು ಪುಟ್ಟ ರೆಕ್ಕೆಗಳು ಮೂಡಿದವು. ಎರಡನೆಯ ಮಹಾಯುದ್ಧದಲ್ಲಿ ಹಾರಾಡಿದ 'ಪಿ-38' ಯುದ್ಧವಿಮಾನದ ಬಾಲವೇ ಅದಕ್ಕೆ ಮಾದರಿ. ವರ್ಷದಿಂದ ವರ್ಷಕ್ಕೆ ಆ ರೆಕ್ಕೆ ಬೆಳೆದು 1959ರ ಹೊತ್ತಿಗೆ ಹದ್ದಿನ ರೆಕ್ಕೆಯಷ್ಟಾಯಿತು. ಆ ವರ್ಷದ ಕ್ಯಾಡಿಲಾಕ್ ಹತ್ತೊಂಬತ್ತು ಅಡಿಗೆ ಸಮೀಪದ ಉದ್ದ, ಎರಡು ಟನ್ನಿಗೂ ಮೀರಿದ ತೂಕ. ಆ ರೆಕ್ಕೆಯಿಂದ ಕಾರು ಒಂದು ಗೇಣು ಮುಂದೆ ಸಾಗಲಿಲ್ಲ. ಒಂದು ತೊಟ್ಟು ಎಣ್ಣೆ ಉಳಿಯಲಿಲ್ಲ. ಬಲವಾದ ಎಂಜಿನ್ ಸದ್ದಿಲ್ಲದೆ ಓಡಲೆಂದು 1923ರಿಂದ ಪೆಟ್ರೋಲಿಗೆ ಸೀಸವನ್ನು ಬೆರೆಸಿ ಮಾರತೊಡಗಿದರು. ಅದನ್ನು ತಯಾರಿಸಿದ ಕೆಲಸಗಾರರು ಮರುವರ್ಷವೇ ವಿಷವೇರಿ ಸತ್ತರೂ ಮಾರಾಟ ಶಾಶ್ವತವಾಗಿ ನಿಲ್ಲಲಿಲ್ಲ. ನಮ್ಮ ದೇಶದ ಪೆಟ್ರೋಲಿನಿಂದ ಆ ಸೀಸ ತೊಲಗಿದ್ದು 2000ದಲ್ಲಿ. ಕಾರಿನ ಒಳಗೆ ಕುಳಿತವರ ಪ್ರಾಣದ ಬಗ್ಗೆ ಅಮೆರಿಕದ ಸರ್ಕಾರ ಗಂಭೀರವಾದ ಕಾನೂನು ಮಾಡಿದ್ದು 1966ರಲ್ಲಿ. ಅದೂ ಹಿಂದಿನ ವರ್ಷ ರಾಲ್ಫ್ ನೇಡರ್ ಎಂಬ ವಕೀಲರು ಪುಸ್ತಕ ಬರೆದು ಎಚ್ಚರಿಸಿದ ಮೇಲೆ. ರೆಕ್ಕೆಗಳ ಮೇಲೆ ಸುರಿದ ಹಣ ಮತ್ತು ಬುದ್ಧಿಯ ಒಂದು ಪಾಲು ಜೀವರಕ್ಷಣೆಯ ಮೇಲೆ ವ್ಯಯವಾಗಿದ್ದರೆ ಎಷ್ಟು ಪ್ರಾಣಗಳು ಉಳಿಯುತ್ತಿದ್ದವೋ!

ಈಗ ನಮ್ಮ ಶಾಸ್ತ್ರದ ಕಡೆಗೆ ತಿರುಗೋಣ. ವಸ್ತುವಿನಲ್ಲಿ ಇಡುವ ಮೂರ್ಛೆಯೇ, ಅಂದರೆ 'ನನ್ನದು' ಎಂಬ ಮಮತೆಯೇ, ಪರಿಗ್ರಹವೆಂದು ಉಮಾಸ್ವಾತಿಗಳು ತತ್ತ್ವಾರ್ಥಸೂತ್ರದಲ್ಲಿ ನಿರ್ಣಯಿಸಿದ್ದಾರೆ. ಗೃಹಸ್ಥನಿಗೆ ಸರ್ವಪರಿತ್ಯಾಗ ಅಸಾಧ್ಯವಾದುದರಿಂದ ಅವನಿಗೆ ಪರಿಮಿತ ಪರಿಗ್ರಹವನ್ನು ವಿಧಿಸಲಾಗಿದೆ. ಈ ಅಣುವ್ರತಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ 'ಇಚ್ಛಾಪರಿಮಾಣ' ಎಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ಮನೆಯಲ್ಲಿ ಎಷ್ಟು ವಸ್ತುಗಳಿವೆ ಎಂಬ ಎಣಿಕೆಗಿಂತಲೂ ಮನಸ್ಸಿನಲ್ಲಿ ಎಷ್ಟು ಬಯಕೆಗಳಿವೆ ಎಂಬ ಅಳತೆ ಮುಖ್ಯ. ಒಂದು ಕಡೆ ಇಚ್ಛೆಗೆ ಗೆರೆ ಎಳೆಯುವ ವ್ರತ. ಇನ್ನೊಂದು ಕಡೆ ಆ ಗೆರೆಯನ್ನು ಪ್ರತಿವರ್ಷ ಅಳಿಸುವುದನ್ನೇ ಉದ್ಯಮವಾಗಿಸಿಕೊಂಡ ಶಾಸ್ತ್ರ. ಇವೆರಡಕ್ಕೂ ಹೊಂದಾಣಿಕೆ ಹೇಗೆ ಸಾಧ್ಯ?

ಆಚಾರ್ಯರು ಈ ವ್ರತಕ್ಕೆ ಐದು ಅತಿಚಾರಗಳನ್ನು ಗುರುತಿಸಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ಒಂದೂವರೆ ಸಾವಿರ ವರ್ಷಗಳಷ್ಟು ಹಿಂದಿನ ಆಚಾರ್ಯರು ಪರಿಗ್ರಹದ ದೋಷಗಳನ್ನು ಎಣಿಸುವಾಗ ವಾಹನಕ್ಕೆ ಮೊದಲ ಸ್ಥಾನ ಕೊಟ್ಟರೆಂಬುದು ಗಮನಿಸತಕ್ಕ ವಿಷಯ. ಎತ್ತು ಮೊದಲಾದವುಗಳನ್ನು ಲೋಭದಿಂದ ಅವುಗಳ ಶಕ್ತಿಮೀರಿ ದೂರ ನಡೆಸುವುದು ಅತಿವಾಹನವೆಂದು ಟೀಕಾಕಾರರ ವಿವರಣೆ. ಅಗತ್ಯವಿಲ್ಲದಿದ್ದರೂ ಓಡಾಡುವುದು, ಅಗತ್ಯಕ್ಕೆ ಮೀರಿದ ವಾಹನವನ್ನು ಹೊಂದುವುದು ಇಂದಿನ ಅತಿವಾಹನವೆಂದರೆ ತಪ್ಪಾಗಲಾರದು. ಅತಿಸಂಗ್ರಹಕ್ಕೆ ವಿವರಣೆ ಬೇಡ. ಪರರ ಸಂಪತ್ತನ್ನು ಕಂಡು ಬೆರಗಿನಿಂದ ಕಂಗೆಡುವುದು ವಿಸ್ಮಯ. ಕೆಟರಿಂಗ್ ಅವರ ಲೇಖನದ ಸಾರವೆಲ್ಲ ಈ ಒಂದು ಪದದಲ್ಲಿ ಅಡಗಿದೆ. ಅವರು ಅದನ್ನು ಬಂಡವಾಳವೆಂದು ಕಂಡರು, ನಮ್ಮ ಆಚಾರ್ಯರು ದೋಷವೆಂದು ಕಂಡರು. ದೊರೆತ ಮೇಲೂ ಇನ್ನಷ್ಟು ಬೇಕೆಂಬುದು ಲೋಭ. ಇನ್ನು ಅತಿಭಾರವಹನ, ಹೊರಲಾರದಷ್ಟು ಹೊರೆ ಹೊರಿಸುವುದು. ಕಂತಿನ ಸಾಲದ ಹೊರೆಯನ್ನು ಸಂಸಾರದ ಬೆನ್ನಿನ ಮೇಲೆ ಹೊರಿಸುವ ಯಜಮಾನನೂ ಇದನ್ನು ಯೋಚಿಸಬೇಕು.

ಇದನ್ನು ಓದಿ, "ಹಾಗಾದರೆ ನೀವು ಎತ್ತಿನ ಗಾಡಿಗೆ ಹಿಂತಿರುಗಿರೆನ್ನುತ್ತೀರೋ?" ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಪ್ರಾಣಿಗಳ ಮೇಲೆ ಅತಿಭಾರವನ್ನು ಹೇರುವುದೂ ಸೇರಿದೆ. ಅಜ್ಜಂಪುರದವರಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಅಮೃತಮಹಲ್ ರಾಸುಗಳ ತಳಿಸಂವರ್ಧನಾ ಕೇಂದ್ರ ಅಲ್ಲಿಯೇ ಇದೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಆ ರಾಸುಗಳು ಕಾವಲುಗಳಲ್ಲಿ ಮೇದು ಬೆಳೆದು ಯುದ್ಧಕ್ಕೆ ಫಿರಂಗಿಗಳನ್ನು ಎಳೆದವು. ಬಿ.ಎಚ್. ರಸ್ತೆಯಲ್ಲಿ ಅಡಿಕೆ, ತೆಂಗು, ದವಸಗಳ ಗಾಡಿಗಳನ್ನು ಎಳೆದ ಎತ್ತುಗಳ ಹೆಗಲಿನ ಹುಣ್ಣನ್ನು ಕಂಡ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಮೋಟಾರು ಲಾರಿ ಬಂದು ಆ ನೊಗವನ್ನು ಇಳಿಸಿತು. ಅಮೆರಿಕದ ಸ್ಟುಡಿಬೇಕರ್ ಮನೆತನದವರೇ 1852ರಲ್ಲಿ ಗಾಡಿ ತಯಾರಿಸುವವರಾಗಿ ಆರಂಭಿಸಿ, ಕಾಲ ಬದಲಾದಾಗ ಕಾರು ತಯಾರಕರಾದರು. ಯಂತ್ರವೆಲ್ಲ ಹಿಂಸೆಯೆಂದು ಹೇಳುವವನು ಎತ್ತಿನ ಪರವಾಗಿ ಮಾತನಾಡುತ್ತಿಲ್ಲ. ನನ್ನ ವಾದ ಯಂತ್ರದ ವಿರುದ್ಧವಲ್ಲ. ಯಂತ್ರಕ್ಕೆ ಅಂಟಿಸಿದ ಅತೃಪ್ತಿಯ ವಿರುದ್ಧ.

ಜೈನರು ಈ ಕಥೆಯಲ್ಲಿ ಬರಿಯ ಕೊಳ್ಳುಗರಲ್ಲವೆಂಬುದನ್ನೂ ನೆನೆಯಬೇಕು. ಭಾರತದಲ್ಲಿ ಫೋರ್ಡ್ ಕಂಪನಿ 1926ರಲ್ಲಿ, ಜನರಲ್ ಮೋಟರ್ಸ್ 1928ರಲ್ಲಿ ಕಾಲೂರಿ, ಹೊರಗಿನಿಂದ ಬಿಡಿಭಾಗಗಳನ್ನು ತಂದು ಇಲ್ಲಿ ಜೋಡಿಸಿ ಮಾರುತ್ತಿದ್ದವು. ನಮ್ಮ ದೇಶವೇ ಕಾರನ್ನು ತಯಾರಿಸಬೇಕೆಂದು ಹಂಬಲಿಸಿದವರಲ್ಲಿ ಮೊದಲಿಗರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಆಶಯಕ್ಕೆ ಬೆನ್ನುಕೊಟ್ಟವರು ಸೊಲ್ಲಾಪುರದ ಜೈನ ಮನೆತನದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದ್ ದೋಶಿಯವರು. ಮೈಸೂರು ಸರ್ಕಾರದ ಸಹಯೋಗದಿಂದ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದವರೂ ಅವರೇ. 1944ರಲ್ಲಿ ಅವರು ಸ್ಥಾಪಿಸಿದ ಪ್ರೀಮಿಯರ್ ಸಂಸ್ಥೆ ಅಮೆರಿಕದ ಕ್ರೈಸ್ಲರ್ ಕಂಪನಿಯ ನೆರವಿನಿಂದ ಡಾಡ್ಜ್, ಪ್ಲಿಮತ್ ಕಾರುಗಳನ್ನು ಜೋಡಿಸಿತು. ಹೊರಗಿನ ಎರಡು ಕಂಪನಿಗಳು 1954ರ ಹೊತ್ತಿಗೆ ಗಂಟುಮೂಟೆ ಕಟ್ಟಿದವು. ಮುಂದೆ ಸುಮಾರು ಮೂರು ದಶಕಗಳ ಕಾಲ ನಾವು ಕಂಡದ್ದು ಮುಖ್ಯವಾಗಿ ಅಂಬಾಸಿಡರ್ ಮತ್ತು ಫಿಯಟ್. ಅಂಬಾಸಿಡರ್ 1957ರಿಂದ 2014ರವರೆಗೆ ಹೆಚ್ಚುಕಡಿಮೆ ಅದೇ ರೂಪದಲ್ಲಿ ಹೊರಬಂದಿತು.

ಆ ಕಾಲದಲ್ಲಿ ಕಡೂರು, ಬೀರೂರು, ತರೀಕೆರೆಗಳ ಮೇಸ್ತ್ರಿಗಳ ಷೆಡ್ಡುಗಳಲ್ಲಿ ಒಂದು ಕಾರು ಮೂವತ್ತು ವರ್ಷ ಬದುಕುತ್ತಿತ್ತು. ಸವೆದ ಭಾಗವನ್ನು ಬಿಸಾಡದೆ ಕಡೆದು, ಬೆಸೆದು, ಮತ್ತೆ ಕೂಡಿಸುತ್ತಿದ್ದರು. ಅದು ನಮ್ಮ ವ್ರತನಿಷ್ಠೆಯ ಫಲವೆಂದು ಹೆಮ್ಮೆಪಡುವಂತಿಲ್ಲ. ಬೇರೆ ಕಾರು ಸಿಗುತ್ತಿರಲಿಲ್ಲ, ಅಷ್ಟೇ. ಇದಕ್ಕೆ ಸಾಕ್ಷಿ 1991ರ ಆರ್ಥಿಕ ನೀತಿಯ ನಂತರದ ನಮ್ಮ ನಡವಳಿಕೆ. ಹೊರಗಿನ ಕಂಪನಿಗಳು ಮರಳಿ ಬಂದವು. ಹೊಸ ಹೊಸ ಮಾದರಿಗಳು ಬಂದವು. ಕಂತಿನ ಸಾಲ ಮನೆಬಾಗಿಲಿಗೆ ಬಂದಿತು. ಜನರಲ್ ಮೋಟರ್ಸ್ 2017ರಲ್ಲಿ ಇಲ್ಲಿನ ಮಾರಾಟವನ್ನು ನಿಲ್ಲಿಸಿತು. ಫೋರ್ಡ್ 2021ರಲ್ಲಿ ತಾನೂ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಕಂಪನಿಗಳು ಹೋದರೂ ಅವು ಕಲಿಸಿದ ಪಾಠ ನಮ್ಮಲ್ಲಿ ಉಳಿಯಿತು. ಮದುವೆಗೆ ಬಂದ ನೆಂಟರು ಯಾವ ಕಾರಿನಲ್ಲಿ ಇಳಿದರೆಂಬುದನ್ನು ನೋಡಿ ಮರ್ಯಾದೆಯ ಮಟ್ಟವನ್ನು ನಿಶ್ಚಯಿಸುವ ಕಲ್ಯಾಣಮಂಟಪಗಳನ್ನು ನಾವು ಕಂಡಿಲ್ಲವೇ? ಕಂದಮೂಲವನ್ನು ಮುಟ್ಟದ, ರಾತ್ರಿಭೋಜನವನ್ನು ತ್ಯಜಿಸಿದ ಮನೆಗಳವರು ಕಾರು ಕೊಳ್ಳುವಾಗ ಚರ್ಮದ ಆಸನಕ್ಕೆಂದು ಹೆಚ್ಚಿನ ಹಣ ತೆರುವುದನ್ನು ನಾವು ಕಂಡಿಲ್ಲವೇ?

ಈ ದೃಷ್ಟಿಯಿಂದ ನೋಡಿದರೆ, ಐವತ್ತು ವರ್ಷಗಳಿಂದ ಒಂದೇ ಹಳೆಯ ಕಾರನ್ನು ಒರೆಸಿ, ಎಣ್ಣೆ ಹಾಕಿ, ಕೈಯಾರೆ ಕಾಪಾಡಿಕೊಂಡು ಬಂದ ಮನುಷ್ಯನು ಮೂರು ವರ್ಷಕ್ಕೊಮ್ಮೆ ಕಾರು ಬದಲಿಸುವ ಶ್ರಾವಕನಿಗಿಂತ ಇಚ್ಛಾಪರಿಮಾಣಕ್ಕೆ ಹತ್ತಿರದವನು. ಕಾರ್ಖಾನೆಯವರು ಹಳತೆಂದು ಬಿಸಾಡಿಸಬೇಕೆಂದಿದ್ದ ವಸ್ತುವನ್ನು ಅವನು ಬಿಸಾಡಲಿಲ್ಲ. ಸ್ಲೋನ್ ಅವರ ಲೆಕ್ಕಾಚಾರವನ್ನು ಅವನು ಸೋಲಿಸಿದ್ದಾನೆ. ಅದೇ ಕಾರಿನ ಪಕ್ಕದಲ್ಲಿ ಎರಡನೆಯದು, ಹತ್ತನೆಯದು ಬಂದು ನಿಂತಾಗ, ಬೀಗ ಹಾಕಿದ ಷೆಡ್ಡಿನಲ್ಲಿ ತಾನೊಬ್ಬನೇ ನೋಡಿ ಸುಖಿಸುವಾಗ, ಅವನೂ ಅತಿಸಂಗ್ರಹಕ್ಕೆ ಬಿದ್ದನೆನ್ನಬೇಕು. ಧರ್ಮಸ್ಥಳದ ಸಂಗ್ರಹವನ್ನು ನಾನು ಈ ಸಾಲಿಗೆ ಸೇರಿಸುವುದಿಲ್ಲ. ಕಾಲದ ಕೆಲಸಗಾರಿಕೆಯನ್ನು ಸಾರ್ವಜನಿಕರು ಕಂಡು ತಿಳಿಯಲೆಂದು ತೆರೆದಿಟ್ಟಾಗ ವಸ್ತುವು ಉಪಭೋಗದ ಪಂಕ್ತಿಯಿಂದ ವಿದ್ಯೆಯ ಪಂಕ್ತಿಗೆ ಸಾಗುತ್ತದೆ.

ಇಲ್ಲಿ ಸಿರಿವಂತ ಬಂಧುಗಳು ಭರತೇಶನನ್ನು ಸಾಕ್ಷಿಗೆ ಕರೆಯುವುದುಂಟು. ಷಟ್‌ಖಂಡವನ್ನಾಳಿದ ಭರತ ಚಕ್ರವರ್ತಿ ಭೋಗದ ನಡುವೆ ಯೋಗಿಯಾಗಿರಲಿಲ್ಲವೇ, ರತ್ನಾಕರವರ್ಣಿ ಅದನ್ನೇ ಹಾಡಲಿಲ್ಲವೇ, ನಾವು ನಾಲ್ಕು ಕಾರುಗಳ ನಡುವೆ ನಿರ್ಲಿಪ್ತರಾಗಿರಬಾರದೇ ಎಂಬುದು ಅವರ ಪ್ರಶ್ನೆ. ಕಥೆಯ ಪೂರ್ವಭಾಗವನ್ನೂ ಅವರು ನೆನೆಯಲಿ. ದಿಗ್ವಿಜಯ ಮುಗಿಸಿ ಬಂದ ಅದೇ ಭರತನ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲಿ ನಿಂತುಬಿಟ್ಟಿತು. ಎಲ್ಲವೂ ದೊರೆತ ಮೇಲೆ ಇನ್ನೊಂದು ಉಳಿದಿದೆಯೆಂದು ಆ ಚಕ್ರ ಹೇಳಿತು. ಆ ಒಂದಕ್ಕಾಗಿ ಅಣ್ಣತಮ್ಮಂದಿರು ಕಾದಾಡಿದರು. ಗೆದ್ದ ಬಾಹುಬಲಿ ಗೆದ್ದುದನ್ನೇ ಬಿಟ್ಟು ನಡೆದನು. ನಾವು ಭರತನ ವೈಭವವನ್ನು ಬೇಗನೆ ಕಲಿತೆವು. ಅವನ ವೈರಾಗ್ಯವನ್ನು ಕಲಿತಿದ್ದೇವೆಂಬುದಕ್ಕೆ ಸಾಕ್ಷಿ ಏನು? ಕಾರಿಗೆ ಒಂದು ಗೀರು ಬಿದ್ದ ದಿನ ನಮ್ಮ ನಿರ್ಲಿಪ್ತತೆ ಎಲ್ಲಿರುತ್ತದೆಂಬುದನ್ನು ಮನೆಯವರು ಬಲ್ಲರು.

ಇನ್ನು ಮೆರವಣಿಗೆಯ ಪ್ರಶ್ನೆ. ಟ್ರಸ್ಟಿನ ತರುಣರೇ, ನಿಮ್ಮ ಪ್ರಶ್ನೆ ನ್ಯಾಯವಾದುದು. ನಿಮ್ಮ ಸಲಹೆ ನ್ಯಾಯವಾದುದಲ್ಲ. ನಮ್ಮ ಮುನಿಗಳು ಇದೇ ಬಿ.ಎಚ್. ರಸ್ತೆಯ ಅಂಚಿನಲ್ಲಿ ಬರಿಗಾಲಿನಲ್ಲಿ, ನೆಲವನ್ನು ನೋಡುತ್ತ, ಇರುವೆಯನ್ನೂ ತುಳಿಯದಂತೆ ವಿಹಾರ ಮಾಡುತ್ತಾರೆ. ಅವರ ಪಕ್ಕದಲ್ಲೇ ಹಾದುಹೋಗುವ ವಾಹನಗಳ ವೇಗಕ್ಕೆ ವಿಹಾರನಿರತ ಸಾಧುಸಾಧ್ವಿಯರು ಬಲಿಯಾದ ಸುದ್ದಿಯನ್ನು ದೇಶದ ನಾನಾ ಕಡೆಗಳಿಂದ ನಾವು ಕೇಳುತ್ತಿದ್ದೇವೆ. ಅವರು ಅನುಸರಿಸುವ ಭಗವಂತನನ್ನು, ಜನರ ಅತೃಪ್ತಿಯನ್ನು ಹೆಚ್ಚಿಸಲೆಂದೇ ರೂಪಿಸಿದ ವಾಹನದ ಮೇಲೆ ಕುಳ್ಳಿರಿಸಿದರೆ ನೋಡುವವರ ಕಣ್ಣು ಎಲ್ಲಿ ನೆಡುತ್ತದೆ? ಭಗವಂತನ ಮುಖದಲ್ಲೋ, ಕಾರಿನ ರೆಕ್ಕೆಯಲ್ಲೋ? ಫೋಟೋ ತೆಗೆಸಿಕೊಳ್ಳುವವರು ಯಾರ ಪಕ್ಕದಲ್ಲಿ ನಿಲ್ಲುತ್ತಾರೆ? ಕೃತ, ಕಾರಿತ, ಅನುಮೋದಿತಗಳೆಂದು ಮೂರು ಬಗೆಯಿಂದಲೂ ಕರ್ಮ ಬಂಧಿಸುತ್ತದೆ. ಊರಿನವರ ವಿಸ್ಮಯಕ್ಕೆ ನಾವೇ ಏರ್ಪಾಟು ಮಾಡುವುದು ಕಾರಿತ.

ಕಾನೂನಿನ ಮಾತನ್ನೂ ಟ್ರಸ್ಟುಗಳು ತಿಳಿದಿರಲಿ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ 50 ವರ್ಷ ಮೀರಿದ, ಮೂಲ ಸ್ವರೂಪವನ್ನು ಉಳಿಸಿಕೊಂಡ ವಾಹನಗಳನ್ನು ಪಾರಂಪರಿಕ ವಾಹನಗಳೆಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಹಾಗೆ ನೋಂದಾಯಿತವಾದ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕೆಲವು ಕಾರಣಗಳಿಗೆ ರಸ್ತೆಗೆ ತರಬಹುದೇ ಹೊರತು ವಾಣಿಜ್ಯಕ್ಕಾಗಿ ಓಡಿಸುವಂತಿಲ್ಲ. ಬಾಡಿಗೆ ಕೊಟ್ಟು ಅಂತಹ ಕಾರನ್ನು ತರಿಸುವ ಟ್ರಸ್ಟು ಧರ್ಮದ ಜೊತೆಗೆ ನಿಯಮವನ್ನೂ ಮೀರಲು ಒಬ್ಬನಿಗೆ ಹಣ ಕೊಟ್ಟಂತಾಗುತ್ತದೆ.

ಆದುದರಿಂದ ಮೂರು ಊರುಗಳ ಟ್ರಸ್ಟುಗಳಿಗೆ ನನ್ನ ವಿನಂತಿಗಳು ಇವು. ಜಿನಬಿಂಬವಾಗಲಿ ಭಾವಚಿತ್ರವಾಗಲಿ ಹೆಗಲ ಮೇಲಿನ ಪಲ್ಲಕ್ಕಿಯಲ್ಲಿ ಸಾಗಲಿ. ನಮ್ಮ ಸಂಖ್ಯೆ ಚಿಕ್ಕದು, ಹೆಗಲುಗಳು ಸಾಲವೆನ್ನುವುದಾದರೆ ಕಡೂರಿನ ಉತ್ಸವಕ್ಕೆ ತರೀಕೆರೆಯವರೂ ಅಜ್ಜಂಪುರದವರೂ ಹೆಗಲು ಕೊಡಲಿ. ಮರುವರ್ಷ ಇವರು ಅಲ್ಲಿಗೆ ಹೋಗಲಿ. ಕೊಳ್ಳಲಿರುವ ಹೊಸ ವಾಹನದ ಪ್ರಸ್ತಾಪ ಯಾವುದಾದರೂ ಟ್ರಸ್ಟಿನ ಮುಂದಿದ್ದರೆ, ಇರುವ ವಾಹನ ಇನ್ನೆಷ್ಟು ವರ್ಷ ಓಡೀತೆಂದು ಮೇಸ್ತ್ರಿಯನ್ನು ಮೊದಲು ಕೇಳಲಿ. ಹಳೆಯ ಕಾರನ್ನು ಭಕ್ತರಾರಾದರೂ ದಾನವಾಗಿ ಕೊಡಲು ಬಂದರೆ, ಅದನ್ನು ಉತ್ಸವಕ್ಕೆ ಇಟ್ಟುಕೊಳ್ಳದೆ ಸಾರ್ವಜನಿಕ ಸಂಗ್ರಹಾಲಯಕ್ಕೆ ಕೊಡಿಸಲಿ.

ಕುಟುಂಬಗಳಿಗೂ ಒಂದು ಮಾತು. ಭೋಗೋಪಭೋಗಗಳಿಗೆ ಕಾಲದ ಮಿತಿಯಿಟ್ಟು ನಿಯಮ ತೊಡಬೇಕೆಂದು ಹೇಳುವಾಗ ಸಮಂತಭದ್ರಾಚಾರ್ಯರು ಊಟ, ಹಾಸಿಗೆ, ಸ್ನಾನಗಳ ಜೊತೆಗೆ ವಾಹನವನ್ನೂ ಹೆಸರಿಸಿದ್ದಾರೆ. ಒಂದು ದಿನಕ್ಕೆ, ಒಂದು ಪಕ್ಷಕ್ಕೆ, ಒಂದು ಋತುವಿಗೆ ಇಂತಿಷ್ಟೆಂದು ಗೆರೆ ಎಳೆಯಬಹುದು. ಎಲೆಯಲ್ಲಿ ಬಡಿಸಿದ್ದಕ್ಕೆ ನಿಯಮ ತೊಡುವ ನಾವು ವಾಹನದ ನಿಯಮವನ್ನು ಮಾತ್ರ ಏಕೆ ಮರೆತೆವು? ಬರುವ ದಶಲಕ್ಷಣ ಪರ್ವದಲ್ಲಿ, ಉತ್ತಮ ಆಕಿಂಚನ್ಯದ ದಿನ, ಪ್ರತಿ ಮನೆಯ ಯಜಮಾನರೂ ಯಜಮಾನಿಯರೂ ಒಂದು ಚೀಟಿಯಲ್ಲಿ ಎರಡೇ ಅಂಕಿಗಳನ್ನು ಬರೆಯಲಿ: ಮನೆಯಲ್ಲಿ ಎಷ್ಟು ವಾಹನಗಳಿರಬೇಕು, ಇರುವ ವಾಹನವನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು. ಪರ್ಯೂಷಣವನ್ನು ಆಚರಿಸುವ ಶ್ವೇತಾಂಬರ ಬಂಧುಗಳೂ ಸಂವತ್ಸರಿಯ ದಿನ ಹಾಗೆಯೇ ಮಾಡಲಿ. ಚೀಟಿಯನ್ನು ಯಾರಿಗೂ ತೋರಿಸಬೇಕಾಗಿಲ್ಲ. ದೇವರ ಮನೆಯಲ್ಲಿಟ್ಟು, ಹೊಸ ಕಾರಿನ ಜಾಹೀರಾತು ಮನಸ್ಸನ್ನು ಕೆಣಕಿದ ದಿನ ತೆಗೆದು ಓದಿಕೊಂಡರೆ ಸಾಕು.

ಮುಂದಿನ ಮಹಾವೀರ ಜಯಂತಿಯ ಸಭೆಯಲ್ಲಿ ಆ ತರುಣ ಸದಸ್ಯರು ಮತ್ತೆ ಅದೇ ಪ್ರಶ್ನೆಯನ್ನು ಕೇಳಲಿ. ಆಗ ಸಭೆಯ ಹಿರಿಯರು ತಮ್ಮ ಹಳೆಯ ಕಾರಿನಲ್ಲಿಯೇ ಬಂದಿಳಿದು ಉತ್ತರ ಹೇಳುವಂತಾಗಲಿ ಎಂಬುದು ನನ್ನ ಹಾರೈಕೆ.

ಜಯ ಜಿನೇಂದ್ರ.